ಗೇಟಿನ ಗಡಿಯಾರದ ಮೂರು ನಿಮಿಷ

ಪೀಣ್ಯದ ನಮ್ಮ ಕಾರ್ಖಾನೆಯ ಗೇಟಿನ ಪಕ್ಕದಲ್ಲಿ ಟೈಮ್ ಆಫೀಸ್ ಎಂಬ ಒಂದು ಗೂಡಿತ್ತು. ಶೀಟಿನ ಸೂರು, ಒಂದು ಮೇಜು, ಎರಡು ಕಿಟಕಿ. ಒಂದು ಕಿಟಕಿ ಒಳಗಿನ ಅಂಗಳದ ಕಡೆಗೆ, ಇನ್ನೊಂದು ಹೊರಗೆ ನಾಲ್ಕು ರಸ್ತೆ ಕೂಡುವ ಜಾಗದ ಕಡೆಗೆ. ಎಂಬತ್ತರ ದಶಕದ ಬಹುಪಾಲು ಬೆಳಗುಗಳನ್ನು ನಾನು ಕಳೆದದ್ದು ಆ ಗೂಡಿನಲ್ಲಿ. ಟೈಮ್ ಕೀಪರ್ ಅಂತ ನನ್ನ ಹುದ್ದೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ನೋಡುವುದೇ ಕೆಲಸ. ಬೇರೆಯವರ ಹೊತ್ತನ್ನು ಕಾಯುವ ಕೆಲಸದಲ್ಲಿ ಒಂದು ಗತ್ತು ತಾನಾಗಿಯೇ ಬರುತ್ತದೆ. ನನಗೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಗೋಡೆಗೆ ಪಂಚಿಂಗ್ ಗಡಿಯಾರ ಬಿಗಿದಿತ್ತು. ಕೆಲಸಗಾರ ಬಂದು ಹಲಗೆಯಿಂದ ತನ್ನ ಕಾರ್ಡು ತೆಗೆದು ಅದರ ಬಾಯಿಗೆ ಕೊಟ್ಟು ಹಿಡಿ ಒತ್ತಿದರೆ 'ಟಿಂಗ್' ಎಂದು ಹೊತ್ತು ಅಚ್ಚಾಗುತ್ತಿತ್ತು. ಎಂಟು ಗಂಟೆಯೊಳಗೆ ಬಂದರೆ ನೀಲಿ ಶಾಯಿ. ಎಂಟು ದಾಟಿದ ಕೂಡಲೇ ಒಳಗಿನ ರಿಬ್ಬನ್ ತಾನೇ ಸರಿದು ಕೆಂಪು ಶಾಯಿ. ತಿಂಗಳಿಗೆ ಮೂರು ಕೆಂಪು ಬಿದ್ದರೆ ಅರ್ಧ ದಿನದ ರಜೆ ಹೋಯಿತು, ಮೇಲಿಂದ ಫೋರ್‌ಮನ್ನಿನ ಬೈಗುಳ. ಒಂದೇ ಒಂದು ಕೆಂಪು ಬಿದ್ದವನ ಮುಖ ಆ ಇಡೀ ದಿನ ಸಪ್ಪಗಿರುವುದನ್ನು ನಾನು ಕಂಡಿದ್ದೇನೆ.

ಆ ಗಡಿಯಾರದ ವಿಷಯದಲ್ಲಿ ಒಂದು ಗುಟ್ಟಿತ್ತು. ಗುಟ್ಟೆಂದರೆ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಡದಿದ್ದ ಗುಟ್ಟು. ಅದು ರೇಡಿಯೊ ಸಮಯಕ್ಕಿಂತ ಮೂರು ನಿಮಿಷ ಮುಂದಿತ್ತು. ನನಗೆ ಕೆಲಸ ಕಲಿಸಿ ನಿವೃತ್ತರಾದ ಹಿಂದಿನ ಟೈಮ್ ಕೀಪರ್ ಮೊದಲ ದಿನವೇ ಹೇಳಿದ್ದರು: "ಗೇಟಿಂದ ಮೆಷಿನ್ ಹತ್ರ ನಡ್ಕೊಂಡು ಹೋಗಕ್ಕೆ ಮೂರು ನಿಮಿಷ ಬೇಕು ಕಣಯ್ಯಾ. ಎಂಟಕ್ಕೆ ಸರಿಯಾಗಿ ಮೆಷಿನ್ ತಿರುಗ್ಬೇಕು ಅಂದ್ರೆ ಗೇಟಲ್ಲಿ ಮೂರು ನಿಮಿಷ ಮುಂಚೆ ಎಂಟಾಗ್ಬೇಕು. ಇದನ್ನ ಕಾಪಾಡ್ಕೊಂಡು ಹೋಗು." ಸೈರನ್ ಕೂಗಿಸುವ ವಾಚ್‌ಮನ್ ಕೂಡ ಅದೇ ಗಡಿಯಾರ ನೋಡಿ ಗುಂಡಿ ಒತ್ತುತ್ತಿದ್ದ. ನಾನೂ ಕಾಪಾಡಿಕೊಂಡು ಬಂದೆ. ಪ್ರತಿ ಸೋಮವಾರ ರೇಡಿಯೊ ಕೇಳಿಕೊಂಡು ಬಂದು, ಗಡಿಯಾರದ ಮುಚ್ಚಳ ತೆಗೆದು, ಮೂರು ನಿಮಿಷ ಸರಿಯಾಗಿ ಮುಂದಿದೆಯೇ ಎಂದು ದೇವರ ಪೂಜೆಯಷ್ಟೇ ನಿಷ್ಠೆಯಿಂದ ನೋಡುತ್ತಿದ್ದೆ.

ಹೊರಗಿನ ಕಿಟಕಿಯಿಂದ ಕಾಣುತ್ತಿದ್ದ ಕೂಡುರಸ್ತೆಯ ಆಚೆ ಮೂಲೆಯಲ್ಲಿ ಪ್ರಾಥಮಿಕ ಶಾಲೆಯಿತ್ತು. ಹಳೆಯ ಹಳ್ಳಿಯ ಮಕ್ಕಳು, ನಮ್ಮಂಥ ಬಾಡಿಗೆ ಮನೆಯವರ ಮಕ್ಕಳು ಎಲ್ಲ ಅಲ್ಲಿಗೇ. ನನ್ನ ಮಗಳು ಒಂದನೇ ಕ್ಲಾಸು. ಶಾಲೆಯ ಪ್ರಾರ್ಥನೆಯೂ ಎಂಟಕ್ಕೆ, ನಮ್ಮ ಜನರಲ್ ಶಿಫ್ಟೂ ಎಂಟಕ್ಕೆ. ಹಾಗಾಗಿ ಮಕ್ಕಳು ರಸ್ತೆ ದಾಟುವ ಹೊತ್ತಿಗೇ ಸೈಕಲ್ಲು, ಮೊಪೆಡ್ಡು, ಕಂಪನಿ ಬಸ್ಸು, ಕಬ್ಬಿಣದ ಸರಳು ಹೇರಿದ ಲಾರಿ ಎಲ್ಲ ಆ ಕೂಡುರಸ್ತೆಗೆ ನುಗ್ಗುತ್ತಿದ್ದವು. ಚಳಿಗಾಲದಲ್ಲಂತೂ ಮಂಜು ಕವಿದು, ಎದುರಿಗೆ ಬರುವುದು ಲಾರಿಯೋ ಬಸ್ಸೋ ತಿಳಿಯುತ್ತಿರಲಿಲ್ಲ. ಬರೀ ಎಂಜಿನ್ನಿನ ಸದ್ದು ಹತ್ತಿರವಾಗುತ್ತ ಬರುತ್ತಿತ್ತು. ಮಕ್ಕಳು ಸದ್ದಿನ ಕಡೆಗೆ ಮುಖ ಮಾಡಿ ನಿಂತಿರುತ್ತಿದ್ದವು.

ಅಲ್ಲಿಗೆ ಸಿಗ್ನಲ್ ಬೇಕು ಅಂತ ಅರ್ಜಿ ಬರೆದವನು ನಾನೇ. ನನ್ನ ಅಕ್ಷರ ಮುತ್ತಿನಂಥದ್ದು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಎರಡು ವರ್ಷ ಅರ್ಜಿಯ ಮೇಲೆ ಅರ್ಜಿ ಬರೆದು, ಅಪ್ಪ ಅಮ್ಮಂದಿರ ಸಹಿ ಹಾಕಿಸಿ ಕಳಿಸಿದೆ. ಕೊನೆಗೆ ಒಂದು ದಿನ ಮೂರು ದೀಪದ ಕಂಬ ಬಂದೇಬಿಟ್ಟಿತು. ಹಳ್ಳಿಯವರು ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಮೊದಲ ಹದಿನೈದು ದಿನ ಒಬ್ಬ ಪೊಲೀಸಿನವನು ಸೀಟಿ ಊದುತ್ತ ನಿಂತಿದ್ದ. ಕೆಂಪು ಬಿದ್ದರೆ ಎಲ್ಲವೂ ನಿಲ್ಲುತ್ತಿತ್ತು. ಮಕ್ಕಳು ಸಾಲಾಗಿ ದಾಟುತ್ತಿದ್ದವು. ನಾನು ಕಿಟಕಿಯಿಂದ ನೋಡಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹದಿನಾರನೆಯ ದಿನ ಪೊಲೀಸಿನವನು ಬರಲಿಲ್ಲ. ಅಲ್ಲಿಗೆ ಮುಗಿಯಿತು.

ಮೊದಲು ಒಂದು ಮೊಪೆಡ್ಡು ನುಸುಳಿತು. ಅದರ ಹಿಂದೆ ಸೈಕಲ್ಲುಗಳು. ವಾರ ಕಳೆಯುವುದರೊಳಗೆ ಕಂಪನಿ ಬಸ್ಸುಗಳು ಕೆಂಪು ದೀಪದ ಕೆಳಗೇ ಹಾರ್ನ್ ಹೊಡೆದುಕೊಂಡು ಹೋಗತೊಡಗಿದವು. ದೀಪ ತನ್ನ ಪಾಡಿಗೆ ತಾನು ಕೆಂಪಾಗುತ್ತಿತ್ತು, ಹಸಿರಾಗುತ್ತಿತ್ತು, ಯಾರಿಗೂ ಅದರ ಗೊಡವೆಯೇ ಇರಲಿಲ್ಲ. ಸಿಗ್ನಲ್ ಇಲ್ಲದಿದ್ದಾಗ ಮಕ್ಕಳು ಅಕ್ಕಪಕ್ಕ ನೋಡಿ ದಾಟುತ್ತಿದ್ದವು. ಈಗ ಅರ್ಧ ಮಕ್ಕಳು ದೀಪ ನೋಡುತ್ತಿದ್ದವು, ಅರ್ಧ ಮಕ್ಕಳು ರಸ್ತೆ ನೋಡುತ್ತಿದ್ದವು. ಇದು ಮೊದಲಿಗಿಂತ ಕೆಟ್ಟದ್ದು ಎಂದು ನನಗೆ ಒಳಗೊಳಗೇ ಹೊಳೆದಿತ್ತು. ಆದರೆ ತಂದವನು ನಾನೇ ಆದ್ದರಿಂದ ಬಾಯಿಬಿಡಲು ಮನಸ್ಸಾಗಲಿಲ್ಲ. ಬದಲಿಗೆ ಬೈದೆ. ಬೆಳಗಿನಿಂದ ಸಂಜೆಯವರೆಗೂ ಬೈದೆ. ಈ ಜನಕ್ಕೆ ಬುದ್ಧಿ ಇಲ್ಲ, ಶಿಸ್ತು ಇಲ್ಲ, ಇವರ ಮಕ್ಕಳೇ ಅಲ್ಲವೇ ದಾಟುವುದು ಎಂದು ಮನೆಯಲ್ಲಿ ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಅಕ್ಕಿ ಆರಿಸುತ್ತ, "ನಿಮ್ಮ ಫ್ಯಾಕ್ಟರಿಯವರೇ ಅಲ್ವಾ ಅರ್ಧ ಜನ, ನೀವೇ ಕೇಳಿ ಯಾಕೆ ಅಂತ" ಎಂದಳು. ನಾನು ಕೇಳಲಿಲ್ಲ. ಕೇಳುವುದೇನು, ನನಗೆ ಗೊತ್ತಿತ್ತಲ್ಲ, ಶಿಸ್ತಿಲ್ಲ ಅಂತ.

ಕಾರಣವನ್ನು ನನಗೆ ಹೇಳಿದವರು ಮಿಲ್ಲಿಂಗ್ ಮೆಷಿನ್ನಿನ ಒಬ್ಬ ಹಳೆಯ ಆಪರೇಟರ್. ಐವತ್ತೈದರ ಆಸುಪಾಸು, ಆ ಹಳ್ಳಿಯವರೇ. ಅವರ ಹೊಲವೂ ಕಾರ್ಖಾನೆಗಳಿಗೆ ಹೋದ ಮೇಲೆ ಇಲ್ಲಿ ಕೆಲಸಕ್ಕೆ ಸೇರಿದವರು. ನಾವೆಲ್ಲ ಅವರನ್ನು ಯಜಮಾನ್ರೇ ಎಂದೇ ಕರೆಯುತ್ತಿದ್ದೆವು. ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರ ಮೊಮ್ಮಗಳು ನನ್ನ ಮಗಳ ಕ್ಲಾಸಿನಲ್ಲೇ ಓದುತ್ತಿದ್ದಳು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬಂದು ಒಳಗಿನ ಕಿಟಕಿಯ ಸರಳು ಹಿಡಿದು ನಿಂತರು.

"ಸಾರ್, ಒಂದು ಮಾತು. ಬೇಜಾರ್ ಮಾಡ್ಕಾಬಾರ್ದು."

"ಹೇಳಿ ಯಜಮಾನ್ರೇ."

"ಈ ಗಡಿಯಾರದಾಗೆ ಮೂರು ನಿಮಿಷ ಐತಲ್ಲ, ಅದನ್ನ ಬಿಟ್ಬುಡಿ ಸಾರ್."

ನನಗೆ ಉರಿದುಹೋಯಿತು. ನನ್ನ ಗಡಿಯಾರದ ಸುದ್ದಿಗೆ ಬಂದರಲ್ಲ ಎಂದು. ಆದರೆ ಅವರು ಸಾವಧಾನವಾಗಿ ಮುಂದುವರಿಸಿದರು.

"ಸಿಗ್ನಲ್‌ನಾಗೆ ಒಂದು ಕಿತ ನಿಂತ್ರೆ ಒಂದು ಒಂದೂವರೆ ನಿಮಿಷ ಓಯ್ತದೆ. ಎಲ್ರೂ ಬರೋದು ಕಡೇ ಗಳಿಗೇಗೇ. ಅಲ್ಲಿ ನಿಂತವ್ನಿಗೆ ಇಲ್ಲಿ ಕೆಂಪು ಬಿತ್ತು ಅಂತ್ಲೇ ಲೆಕ್ಕ. ಅದ್ಕೇ ಯಾವನೂ ನಿಲ್ಲಲ್ಲ. ಕಣ್ಣಿಗೆ ಕಾಣಲ್ಲ ಅಂತಲ್ಲ ಸಾರ್, ಕಾಣ್ತದೆ."

"ಹಾಗಾದ್ರೆ ಐದು ನಿಮಿಷ ಮುಂಚೆ ಮನೆ ಬಿಡ್ಲಿ!" ಎಂದೆ.

"ನಾನು ಬುಡ್ತೀನಿ. ಸಿಟಿ ಬಸ್ಸಿಳ್ಕೊಂಡು ಓಡಿ ಬರೋರ್ಗೆ ಬಸ್ಸು ಬಂದಾಗ್ಲೇ ಬೆಳ್ಗು. ನಲ್ಲಿ ನೀರು ಬರೋದು ಏಳಕ್ಕೆ, ಇಡಿದಿಟ್ಟೇ ಬರ್ಬೇಕು. ಗೇಟಿನ ಗಡಿಯಾರ ಮುಂದೆ ಓಡಿದ್ರೆ ಅವ್ರೇನ್ ಮಾಡ್ತಾರೆ? ನಾನೂ ನಿಲ್ಲಲ್ಲ ಸಾರ್. ನನ್ನ ಮೊಮ್ಮಗ್ಳೇ ದಾಟ್ತಾ ಇರ್ತಾಳೆ, ನಾನೇ ಬೆಲ್ ಒಡ್ಕೊಂಡು ಅವ್ಳ ಮುಂದೇನೇ ಓಗ್ಬುಡ್ತೀನಿ. ನಾಚ್ಕೆ ಆಯ್ತದೆ. ನೀವು ಆ ಮೂರು ನಿಮಿಷ ಬುಟ್ರೆ ನಾನು ನಿಲ್ತೀನಿ. ನಾನು ನಿಂತ್ರೆ ನನ್ನ ಬೆನ್ನಿಂದೆ ಇರೋ ಸೈಕ್ಲುಗಳೂ ನಿಲ್ತಾವೆ. ಮಾತು ಕೊಡ್ತೀನಿ."

ನಾನು ಗಂಟಲು ಸರಿಮಾಡಿಕೊಂಡು, ಇದು ನನ್ನ ಕೈಯಲ್ಲಿಲ್ಲ, ಮ್ಯಾನೇಜ್‌ಮೆಂಟಿನ ವಿಷಯ ಎಂದುಬಿಟ್ಟೆ. ಅವರು "ಆಯ್ತು ಸಾರ್" ಎಂದು ಹೊರಟುಹೋದರು. ಅವರು ಹೋದ ಮೇಲೆ ಗಡಿಯಾರದ ಕಡೆ ನೋಡಿದೆ. ಅದರ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಎರಡು ವರ್ಷ ಇಡೀ ಸರ್ಕಾರಕ್ಕೆ ಅರ್ಜಿ ಬರೆದವನು, ಕೈಗೆ ಎಟುಕುವ ಮುಳ್ಳಿನ ಸುದ್ದಿಗೆ ಹೋಗಿರಲಿಲ್ಲ.

ಅವತ್ತಿನಿಂದ ಕಿಟಕಿಯಾಚೆ ನೋಡುವುದು ನನಗೆ ಶಿಕ್ಷೆಯಾಯಿತು. ಮೊದಲು ಸಿಟ್ಟಿನಿಂದ ನೋಡುತ್ತಿದ್ದೆ. ಈಗ ಹೆದರಿಕೆಯಿಂದ. ಏಳೂ ಮುಕ್ಕಾಲಕ್ಕೆ ಮೊದಲ ಸೈರನ್ ಕೂಗಿದ ಕೂಡಲೇ ರಸ್ತೆಯ ಮೇಲೆ ಏನೋ ಒಂದು ಬದಲಾಗುತ್ತಿತ್ತು. ಅಲ್ಲಿಯವರೆಗೆ ಮಾತಾಡಿಕೊಂಡು ಪೆಡಲ್ ತುಳಿಯುತ್ತಿದ್ದವರು ತಲೆ ತಗ್ಗಿಸಿ ತುಳಿಯತೊಡಗುತ್ತಿದ್ದರು. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವರು "ರೈಟ್ ರೈಟ್" ಎಂದು ತಗಡು ಬಡಿಯುತ್ತಿದ್ದರು. ಡ್ರೈವರ್ ಕೆಂಪು ದೀಪ ಕಂಡು ಒಂದು ಕ್ಷಣ ಅಳುಕಿದರೆ ಒಳಗಿನಿಂದ ಇಡೀ ಬಸ್ಸೇ ಕೂಗುತ್ತಿತ್ತು. ಇವತ್ತಲ್ಲ ನಾಳೆ ಇಲ್ಲಿ ಏನೋ ಆಗುತ್ತದೆ ಎಂದು ಬೀಡಾ ಅಂಗಡಿಯವನೂ ಹೇಳುತ್ತಿದ್ದ, ಶಾಲೆಯ ಆಯಾ ಕೂಡ ಹೇಳುತ್ತಿದ್ದಳು. ಮಳೆ ಬರುತ್ತದೆ ಎನ್ನುವಂತೆ ಹೇಳುತ್ತಿದ್ದರು, ಕೊಡೆ ಯಾರೂ ಹಿಡಿಯಲಿಲ್ಲ.

ಒಂದು ಶುಕ್ರವಾರ ನಾನೇ ಕಣ್ಣಾರೆ ಕಂಡೆ. ದೀಪ ಕೆಂಪಾಗಿತ್ತು. ನನ್ನ ಮಗಳು ದೀಪ ನಂಬಿ ರಸ್ತೆಗೆ ಇಳಿದಿದ್ದಳು. ಕಂಪನಿ ಬಸ್ಸೊಂದು ಆ ಕಡೆಯಿಂದ ನಿಲ್ಲದೆ ಬಂತು. ಅವಳು ನಡುರಸ್ತೆಯಲ್ಲಿ ನಿಂತುಬಿಟ್ಟಳು. ಚೀಲವನ್ನು ಎದೆಗೆ ಅವುಚಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತಳು. ಬಸ್ಸು ಅವಳ ಲಂಗ ಹಾರುವಷ್ಟು ಹತ್ತಿರದಲ್ಲಿ ಹೋಯಿತು. ನಾನು ಕಿಟಕಿಯ ಸರಳು ಹಿಡಿದು ಕೂಗಿದೆ, ನನ್ನ ಕೂಗು ನನಗೇ ಕೇಳಲಿಲ್ಲ. ಬಸ್ಸು ದಾಟಿದ ಮೇಲೆ ಅವಳು ಕಣ್ಣು ಬಿಟ್ಟು, ಏನೂ ಆಗಲಿಲ್ಲವೆಂಬಂತೆ ಓಡಿ ಶಾಲೆಯ ಗೇಟು ಸೇರಿದಳು. ಅರ್ಧ ನಿಮಿಷದ ಮೇಲೆ ಅದೇ ಬಸ್ಸಿನಿಂದ ಇಳಿದ ನಮ್ಮವರು ನೂಕಾಡಿಕೊಂಡು ಬಂದು ನನ್ನ ಪಕ್ಕದಲ್ಲೇ ಟಿಂಗ್ ಟಿಂಗ್ ಎಂದು ಕಾರ್ಡು ಒತ್ತಿದರು. ಎಲ್ಲರದೂ ನೀಲಿ. ಕೊನೆಯವನು, "ಬಚಾವಾದ್ವಿ ಸಾರ್!" ಎಂದು ನನ್ನತ್ತ ನೋಡಿ ನಕ್ಕ.

ಕಣ್ಣು ಮುಚ್ಚಿಕೊಂಡು ನಿಲ್ಲುವುದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದು ಸಂಜೆ ಮಗಳನ್ನು ಕೇಳಿದೆ. "ಎಲ್ಲಾರೂ ಹಂಗೇ ಮಾಡೋದು ಅಪ್ಪಾ. ಓಡಿದ್ರೆ ಸಿಕ್ಕಾಕೊಂತೀವಿ. ನಿಂತ್ಕೊಂಡ್ರೆ ಅವ್ರೇ ಪಕ್ಕದಲ್ಲಿ ಹೋಗ್ತಾರೆ" ಎಂದಳು. ಕ್ಲಾಸಿನ ಮಕ್ಕಳೆಲ್ಲ ಸೇರಿ ಕಂಡುಕೊಂಡ ಉಪಾಯವಂತೆ.

ಸೋಮವಾರ ಆರೂ ಮುಕ್ಕಾಲಕ್ಕೇ ಹೋಗಿ, ವಾಚ್‌ಮನ್ ಟೀ ಕುಡಿಯಲು ಹೋದ ಸಮಯ ನೋಡಿ, ಗಡಿಯಾರದ ಮುಚ್ಚಳ ತೆಗೆದು ಮೂರು ನಿಮಿಷ ಹಿಂದಕ್ಕೆ ತಿರುಗಿಸಿದೆ. ಕಳ್ಳತನ ಮಾಡಿದವನ ಹಾಗೆ ಹಿಂದೆ ಮುಂದೆ ನೋಡಿ ಮುಚ್ಚಳ ಹಾಕಿದೆ. ನಿಜ ಹೇಳಬೇಕೆಂದರೆ ಆ ಗಡಿಯಾರ ಸರಿಯಾದ ಹೊತ್ತು ತೋರಿಸಿದ್ದು ನಾನು ಬಂದ ಮೇಲೆ ಅದೇ ಮೊದಲು. ಯಜಮಾನರು ಕಾರ್ಡು ಒತ್ತಲು ಬಂದಾಗ ತಗ್ಗಿದ ದನಿಯಲ್ಲಿ, "ಬಿಟ್ಟಿದ್ದೀನಿ, ಯಾರಿಗೂ ಹೇಳ್ಬೇಡಿ" ಎಂದೆ. ಅವರು ಎರಡೂ ಕೈ ಎತ್ತಿ ಮುಗಿದರು. ನನಗೆ ಹೆಮ್ಮೆಯಾಯಿತು.

ಮಂಗಳವಾರ ಅವರು ಕೊಟ್ಟ ಮಾತಿನಂತೆ ನಿಂತರು. ಕೆಂಪು ಬಿದ್ದ ಕೂಡಲೇ ಸೈಕಲ್ಲಿನಿಂದ ಒಂದು ಕಾಲು ನೆಲಕ್ಕೆ ಊರಿ, ಬಿಳಿ ಗೆರೆಯ ಹಿಂದೆ ನಿಂತರು. ಹಿಂದಿನವರು ಬೆಲ್ ಹೊಡೆದರು, ಬೈದರು, ಅವರನ್ನು ಬಳಸಿಕೊಂಡು ಮುಂದೆ ಹೋದರು. "ಏನ್ ಯಜಮಾನ್ರೇ, ನಿದ್ದೆ ಬಂತಾ?" ಎಂದು ಯಾರೋ ಕೂಗಿದ್ದು ನನ್ನ ಕಿಟಕಿಗೂ ಕೇಳಿಸಿತು. ಅವರು ಹಸಿರು ಬೀಳುವವರೆಗೂ ಅಲುಗಾಡಲಿಲ್ಲ. ಆಮೇಲೆ ಬಂದು ಕಾರ್ಡು ಒತ್ತಿದಾಗ ನೀಲಿಯೇ ಬಿತ್ತು. ಅದನ್ನು ಪಕ್ಕದಲ್ಲಿದ್ದವನಿಗೆ ತೋರಿಸಿದರು. ಬುಧವಾರ ಇನ್ನಿಬ್ಬರು ನಿಂತರು. ಗುರುವಾರ ಏಳೆಂಟು ಸೈಕಲ್ಲು. ಒಂದು ಕಡೆಯ ರಸ್ತೆ ಅರ್ಧದಷ್ಟಾದರೂ ನಿಂತದ್ದನ್ನು ಕಂಡು ಮಕ್ಕಳು ಅನುಮಾನಿಸುತ್ತ, ಒಬ್ಬರ ಹಿಂದೊಬ್ಬರು ದಾಟಿದವು. ಮಕ್ಕಳು ಈಗ ದೀಪ ನೋಡುತ್ತಿರಲಿಲ್ಲ. ಯಜಮಾನರ ಕಾಲು ನೆಲಕ್ಕೆ ಊರಿತೇ ಎಂದು ನೋಡುತ್ತಿದ್ದವು.

ಶುಕ್ರವಾರ ದಟ್ಟ ಮಂಜಿತ್ತು. ಏಳೂ ಐವತ್ತೈದರ ಹೊತ್ತಿಗೆ ಕೆಂಪು ಬಿತ್ತು. ಯಜಮಾನರು ಎಲ್ಲರಿಗಿಂತ ಮುಂದೆ ಬಂದು ನಿಂತರು, ಕಾಲು ಊರಿದರು. ಮಕ್ಕಳು ರಸ್ತೆಗೆ ಇಳಿದವು. ನನ್ನ ಮಗಳ ಕೆಂಪು ಸ್ವೆಟರು ಆ ಸಾಲಿನ ನಡುವೆ ಮಸುಕಾಗಿ ಕಂಡಿತು. ಹಿಂದಿನಿಂದ ಕಬ್ಬಿಣದ ತಗಡು ಹೇರಿದ ಲಾರಿ ಬಂತು. ಅದರ ಡ್ರೈವರ್‌ಗೆ ಆ ಕೂಡುರಸ್ತೆ ಚೆನ್ನಾಗಿ ಗೊತ್ತಿತ್ತು. ದಿನವೂ ಬರುತ್ತಿದ್ದವನು. ಮುಂದಿನ ಸೈಕಲ್ಲು ಹೋಗುತ್ತದೆ ಎಂದೇ ಅವನು ಬಂದ. ಬ್ರೇಕಿನ ಸದ್ದು ಕೇಳಿಸಿದ್ದು ಸೈಕಲ್ಲಿಗೆ ಬಡಿದ ಮೇಲೆ.

ನಾನು ಓಡಿದೆ. ಯಜಮಾನರು ಬಿಳಿ ಗೆರೆಯಿಂದ ಎರಡು ಮಾರು ಮುಂದೆ ಬಿದ್ದಿದ್ದರು. ಸೈಕಲ್ಲು ಲಾರಿಯ ಮುಂದಿನ ಗಾಲಿಗೆ ಸಿಕ್ಕು ಮುರುಟಿಹೋಗಿತ್ತು, ಅದೇ ಲಾರಿಯನ್ನು ತಡೆದದ್ದು. ಅಲ್ಲಿಂದ ಮಕ್ಕಳ ಸಾಲಿಗೆ ನಾಲ್ಕು ಹೆಜ್ಜೆ ಇರಲಿಲ್ಲ. ಮಕ್ಕಳೆಲ್ಲ ಚೀಲ ಅವುಚಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತಿದ್ದವು. ಒಂದೂ ಅಳುತ್ತಿರಲಿಲ್ಲ. ನನ್ನ ಮಗಳನ್ನು ಎತ್ತಿಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಮೊದಲು ಓಡಿದ್ದು ಅವಳ ಹತ್ತಿರಕ್ಕೆ, ಯಜಮಾನರ ಹತ್ತಿರಕ್ಕಲ್ಲ.

ಲಾರಿಯವನು ಇಳಿದು ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಇಲ್ಲಿ ಯಾವತ್ತೂ ಯಾರೂ ನಿಲ್ಲಲ್ಲ ಅಣ್ಣಾ. ಇವ್ರು ಯಾಕ್ ನಿಂತ್ರೋ ನಂಗೊತ್ತಾಗ್ಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ವಿಚಿತ್ರವೆಂದರೆ ಜನ ಅವನನ್ನು ಹೊಡೆಯಲಿಲ್ಲ. ಹೌದೌದು ಎಂದು ತಲೆಯಾಡಿಸಿದರು. "ವಾರದಿಂದ ಅದೇನೋ ನಿಲ್ಲೋ ಚಟ ಹಿಡ್ದಿತ್ತು ಯಜಮಾನ್ರಿಗೆ" ಎಂದು ನಮ್ಮ ಮೆಷಿನ್ ಶಾಪಿನವನೇ ಒಬ್ಬ ಹೇಳಿದ. ಯಾಕೆ ನಿಂತರು ಎಂದು ನನಗೊಬ್ಬನಿಗೇ ಗೊತ್ತಿತ್ತು. ನಾನು ಮಗಳನ್ನು ಎದೆಗೊತ್ತಿಕೊಂಡು ಗುಂಪಿನಿಂದ ಹಿಂದೆ ಸರಿದೆ.

ಯಜಮಾನರನ್ನು ಕಾರ್ಖಾನೆಯ ವ್ಯಾನಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಹತ್ತು ಗಂಟೆಗೆ ಫೋರ್‌ಮನ್ ನನ್ನ ಗೂಡಿಗೆ ಬಂದರು. ಈ ವಾರವೆಲ್ಲ ಶಾಪಿನಲ್ಲಿ ಮೆಷಿನ್‌ಗಳು ಎಂಟರ ಮೇಲೆ ಎರಡು ಮೂರು ನಿಮಿಷಕ್ಕೆ ಶುರುವಾಗುತ್ತಿವೆ, ಮ್ಯಾನೇಜರ್ ಕೇಳುತ್ತಿದ್ದಾರೆ, ಊಟವಾದ ಮೇಲೆ ಅವರೇ ಬಂದು ಗಡಿಯಾರ ನೋಡುತ್ತಾರಂತೆ ಎಂದು ಹೇಳಿ ಹೋದರು. ನನ್ನ ಮುಖ ನೋಡಿ ಅವರಿಗೆ ಏನಾದರೂ ತಿಳಿಯಿತೋ ಇಲ್ಲವೋ.

ಆ ಎರಡು ಗಂಟೆ ನಾನು ಏನೇನು ಯೋಚಿಸಿದೆ ಎಂದು ಬರೆದು ದೊಡ್ಡವನಾಗುವ ಆಸೆ ನನಗಿಲ್ಲ. ನಾನೇ ಹಿಂದಿಟ್ಟೆ, ಕಾರಣ ಇದು, ಬೇಕಾದರೆ ಕಿಟಕಿಯಿಂದ ನೀವೇ ನೋಡಿ ಎಂದು ಮ್ಯಾನೇಜರ್ ಮುಂದೆ ಹೇಳುವ ಮಾತುಗಳನ್ನು ಮನಸ್ಸಿನಲ್ಲೇ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡೆ. ಊಟದ ಸೈರನ್ ಆಯಿತು. ಅಂಗಳ ಖಾಲಿಯಾಯಿತು. ಜೇಬಿನಿಂದ ಬೀಗದ ಕೈ ತೆಗೆದು, ಮುಚ್ಚಳ ತೆರೆದು, ಮುಳ್ಳನ್ನು ಮೂರು ನಿಮಿಷ ಮುಂದಕ್ಕೆ ತಳ್ಳಿದೆ. ಈ ಸಲ ಹಿಂದೆ ಮುಂದೆ ನೋಡಲಿಲ್ಲ. ಮ್ಯಾನೇಜರ್ ಬಂದರು, ಕೈಗಡಿಯಾರ ನೋಡಿದರು, ಗೋಡೆ ನೋಡಿದರು, ಮೂರು ನಿಮಿಷ ಮುಂದಿರುವುದನ್ನು ಖಚಿತಮಾಡಿಕೊಂಡು "ಸರಿಯಾಗೇ ಇದೆಯಲ್ರೀ" ಎಂದು ಹೋದರು. ನಾನು ಆ ಕಾರ್ಖಾನೆ ಬಿಡುವವರೆಗೂ ಗಡಿಯಾರ ಹಾಗೆಯೇ ಇತ್ತು.

ಅಂದಿನಿಂದ ನನ್ನ ಮಗಳನ್ನು ನಾನು ಏಳು ಗಂಟೆಗೇ ಜೊತೆಯಲ್ಲಿ ಕರೆತಂದು, ರಸ್ತೆ ಖಾಲಿ ಇರುವಾಗಲೇ ಕೈಹಿಡಿದು ದಾಟಿಸಿ, ಶಾಲೆಯ ಆಯಾಗೆ ಒಪ್ಪಿಸತೊಡಗಿದೆ. ಕೆಲಸ ಮುಗಿಯಿತು ಎಂದುಕೊಂಡೆ.

ಎರಡು ವಾರದ ಮೇಲೆ ಒಂದು ಭಾನುವಾರ ಆಸ್ಪತ್ರೆಗೆ ಹೋದೆ. ಅಷ್ಟು ದಿನ ಹೋಗದಿದ್ದುದಕ್ಕೆ ಕಾರಣ ಹೇಳಬೇಕಿಲ್ಲ. ಯಜಮಾನರ ಎಡಗಾಲನ್ನು ಮಂಡಿಯ ಮೇಲಕ್ಕೆ ತೆಗೆದಿದ್ದರು. ಹೊದಿಕೆ ಅಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಮೊಮ್ಮಗಳು ಮಂಚದ ಕಾಲುಗಡೆ ಕೂತು ನಾನು ಕೊಟ್ಟ ಮೂಸಂಬಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಯಜಮಾನರು ಏಳಲು ನೋಡಿದರು. ಬೇಡ ಬೇಡ ಎಂದು ಕೂರಿಸಿದೆ.

"ಸಾರ್," ಎಂದರು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಆ ಮೂರು ನಿಮಿಷ ಅಂಗೇ ಬುಟ್ಟೀರಾ?"

"ಬಿಟ್ಟಿದೀನಿ ಯಜಮಾನ್ರೇ."

"ನಮ್ಮೋರು ನಿಲ್ತಾವ್ರಾ?"

"ನಿಲ್ತಾರೆ. ಈಗ ಎಲ್ರೂ ನಿಲ್ತಾರೆ. ನೀವು ಬಿದ್ಮೇಲೆ ಎಲ್ರಿಗೂ ಬುದ್ಧಿ ಬಂತು." ಮೊದಲ ಸುಳ್ಳಿಗೆ ಬಾಯಿ ಒಣಗಿತ್ತು, ಎರಡನೆಯದು ಸರಾಗವಾಗಿ ಬಂತು.

ಅವರು ದಿಂಬಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು. "ಓಗ್ಲಿ ಬುಡಿ, ಒಂದು ಕಾಲು ತಾನೆ" ಎಂದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಕೇಳಿಸ್ಕಂಡೇನವ್ವಾ? ಇನ್ನು ಎದ್ರಬ್ಯಾಡ" ಎಂದರು. ಅವಳು ಬಾಯಿ ತುಂಬ ಮೂಸಂಬಿ ಇಟ್ಟುಕೊಂಡು ತಲೆಯಾಡಿಸಿದಳು. ನಾನು ಇನ್ನೂ ಹತ್ತು ನಿಮಿಷ ಕೂತು, ಏನೇನೋ ಮಾತಾಡಿ, ಎದ್ದು ಬಂದೆ.

ಮರುದಿನ ಸೋಮವಾರ. ಮೊದಲ ಸೈರನ್ ಆಗಿ ಹತ್ತು ನಿಮಿಷ ಕಳೆದಿತ್ತು. ರಸ್ತೆಯಲ್ಲಿ ಎಂದಿನ ನೂಕು. ಅಪಘಾತದ ಮೇಲೆ ಅನೇಕರು ತಮ್ಮ ಮಕ್ಕಳನ್ನು ತಾವೇ ಕರೆತರುತ್ತಿದ್ದರು. ಯಜಮಾನರ ಮೊಮ್ಮಗಳು ಒಬ್ಬಳೇ ಬಂದಳು. ಅಜ್ಜಿ ಆಸ್ಪತ್ರೆಯಲ್ಲಿ, ತಾಯಿ ಊದುಬತ್ತಿ ಕಾರ್ಖಾನೆಯಲ್ಲಿ. ಅವಳು ಅಂಚಿನಲ್ಲಿ ನಿಂತು ತಲೆಯೆತ್ತಿ ದೀಪವನ್ನೇ ನೋಡಿದಳು. ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಅವಳು ನಿಂತ ರೀತಿ ನೋಡಿಯೇ ನಾನು ಎದ್ದೆ. ಕುರ್ಚಿ ಒದ್ದು ಹೊರಗೆ ಓಡಿದೆ.

ಕೆಂಪು ಬಿತ್ತು. ಅವಳು ಮನೆಯ ಅಂಗಳಕ್ಕೆ ಇಳಿದಷ್ಟು ನಿಶ್ಚಿಂತೆಯಿಂದ ರಸ್ತೆಗೆ ಇಳಿದಳು. ಚೀಲವನ್ನು ಅವುಚಿಕೊಳ್ಳಲೂ ಇಲ್ಲ, ಬೆನ್ನ ಮೇಲೆ ಸಡಿಲವಾಗಿ ಹಾಕಿಕೊಂಡಿದ್ದಳು. ಆ ಚೀಲದ ಪಟ್ಟಿಯೇ ನನ್ನ ಕೈಗೆ ಸಿಕ್ಕಿತು. ಹಿಂದಕ್ಕೆ ಎಳೆದೆ. ಟೆಂಪೋ ಒಂದು ಹಾರ್ನ್ ಕೂಡ ಹೊಡೆಯದೆ ನಮ್ಮ ಮುಂದೆ ಹಾದುಹೋಯಿತು. ಅದರ ಗಾಳಿಗೆ ಅವಳ ರಿಬ್ಬನ್ ಬಿಚ್ಚಿಕೊಂಡಿತು.

"ನೋಡ್ಕೊಂಡು ದಾಟಬಾರ್ದಾ!" ಎಂದು ಚೀರಿದೆ.

ಅವಳು ನನ್ನ ಮೇಲೇ ಮುನಿಸಿಕೊಂಡಳು. "ಕೆಂಪು ಬಿದ್ದೈತಲ್ಲಾ ಮಾಮ. ಈಗ ಎಲ್ಲಾರೂ ನಿಲ್ತಾರೆ, ನೋಡೋದು ಬ್ಯಾಡ ಅಂತ ತಾತ ಏಳವ್ರೆ."

"ಯಾರೂ ನಿಲ್ಲಲ್ಲ ಪುಟ್ಟಿ."

"ನಮ್ ತಾತ ಸುಳ್ಳೇಳಲ್ಲ."

ಅವಳ ಮುಂದೆ ಮಂಡಿಯೂರಿ ಕೂತೆ. ಕಾರ್ಖಾನೆಯ ಕಡೆಗೆ ಓಡುತ್ತಿದ್ದ ನಮ್ಮ ಕೆಲಸಗಾರರು ನಮ್ಮಿಬ್ಬರನ್ನು ಬಳಸಿಕೊಂಡು ಹೋಗುತ್ತಿದ್ದರು. ಮ್ಯಾನೇಜರ್ ಮುಂದೆ, ಅಪಘಾತದ ದಿನ ಸೇರಿದ್ದ ಜನರ ಮುಂದೆ, ಅವಳ ತಾತನ ಮುಂದೆ ಬಾರದಿದ್ದ ಮಾತು ಆರು ವರ್ಷದ ಆ ಹುಡುಗಿಯ ಮುಂದೆ ಬಂತು. "ತಾತ ಸುಳ್ಳು ಹೇಳಿಲ್ಲಮ್ಮಾ. ತಾತಂಗೆ ಸುಳ್ಳು ಹೇಳಿದ್ದು ನಾನು. ಯಾರೂ ನಿಲ್ಲಲ್ಲ. ಕೆಂಪು ಬಿದ್ರೂ ನಿಲ್ಲಲ್ಲ."

ಅವಳ ಸಿಟ್ಟು ಇಳಿಯಿತು. ಬಿಚ್ಚಿದ ರಿಬ್ಬನ್ ಕೈಗೆ ಸುತ್ತಿಕೊಳ್ಳುತ್ತ ಕೇಳಿದಳು:

"ಅಂಗಾದ್ರೆ ಯಾವಾಗ ದಾಟೋದು ಮಾಮ?"

ದೀಪ ಹಸಿರಾಯಿತು. ಮತ್ತೆ ಕೆಂಪಾಯಿತು. ಅವಳ ಕೈ ಹಿಡಿದುಕೊಂಡು ಅಂಚಿನಲ್ಲೇ ನಿಂತಿದ್ದೆ. ನಾನು ರಸ್ತೆ ನೋಡುತ್ತಿದ್ದೆ. ಅವಳು ನನ್ನ ಮುಖ ನೋಡುತ್ತಿದ್ದಳು.